ಬಂಧನವೇ ತೀರ್ಪಾದಾಗ: ಬ್ರಿಸ್ಟಲ್‌ನ ಒಂದು ಕೊಲೆ ಪ್ರಕರಣದ ಅಧ್ಯಯನ

ಹಿನ್ನೆಲೆ

ಇಂಗ್ಲೆಂಡಿನ ನೈಋತ್ಯ ಭಾಗದ ಬ್ರಿಸ್ಟಲ್ ನಗರದಲ್ಲಿ, 2010ರ ಡಿಸೆಂಬರ್ 17ರ ಶುಕ್ರವಾರ ಸಂಜೆ, ಉದ್ಯಾನ ಹಾಗೂ ಭೂದೃಶ್ಯ ವಿನ್ಯಾಸಕಿಯಾಗಿದ್ದ ಯುವತಿಯೊಬ್ಬರು ಸಹೋದ್ಯೋಗಿಗಳ ಜೊತೆ ಪಬ್ಬಿನಲ್ಲಿ ಸ್ವಲ್ಪ ಹೊತ್ತು ಕಳೆದು, ದಾರಿಯಲ್ಲಿ ಒಂದು ಪಿಜ್ಜಾ ಮತ್ತು ಎರಡು ಬಾಟಲಿ ಸೈಡರ್ ಕೊಂಡು, ಕ್ಲಿಫ್ಟನ್ ಬಡಾವಣೆಯ ಬಾಡಿಗೆ ಮನೆಗೆ ನಡೆದು ಹೋದರು. ಜೊತೆಗೆ ವಾಸಿಸುತ್ತಿದ್ದ ಸಂಗಾತಿ ವಾರಾಂತ್ಯಕ್ಕೆಂದು ಶೆಫೀಲ್ಡ್‌ಗೆ ತೆರಳಿದ್ದರು. ಭಾನುವಾರ ರಾತ್ರಿ ಅವರು ಮರಳಿದಾಗ ಯುವತಿಯ ಪರ್ಸು, ಕೀಲಿ, ಕೋಟು ಎಲ್ಲವೂ ಮನೆಯಲ್ಲಿದ್ದವು. ಕರೆ ಮಾಡಿದರೆ ಆ ಕೋಟಿನ ಜೇಬಿನಿಂದಲೇ ಮೊಬೈಲು ಸದ್ದು ಮಾಡಿತು. ಮಧ್ಯರಾತ್ರಿ ಕಳೆದ ಬಳಿಕ ಪೊಲೀಸರಿಗೆ ದೂರು ಹೋಯಿತು. ಕ್ರಿಸ್‌ಮಸ್ ದಿನ ಬೆಳಿಗ್ಗೆ, ನಗರಕ್ಕೆ ಕೆಲವೇ ಮೈಲಿ ದೂರದ ಫೇಲ್ಯಾಂಡ್ ಎಂಬ ಹಳ್ಳಿಯ ಬಳಿ ನಾಯಿಗಳನ್ನು ಕರೆದುಕೊಂಡು ನಡೆದಾಡಲು ಹೋಗಿದ್ದ ದಂಪತಿಗೆ ರಸ್ತೆಯ ಬದಿಯಲ್ಲಿ ಹಿಮ ಮುಚ್ಚಿದ ದೇಹ ಕಾಣಿಸಿತು. ಕುತ್ತಿಗೆ ಒತ್ತಿ ಉಸಿರುಗಟ್ಟಿಸಿ ಕೊಲ್ಲಲಾಗಿದೆಯೆಂದು ಮರಣೋತ್ತರ ಪರೀಕ್ಷೆ ತಿಳಿಸಿತು.

ಸುದ್ದಿಯ ದೃಷ್ಟಿಯಿಂದ ಇದು ನಡೆದ ಕಾಲವೂ ಮುಖ್ಯವಾಗುತ್ತದೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರದಲ್ಲಿ ಬ್ರಿಟನ್ನಿನ ಸಂಸತ್ತಿಗೆ ಬಿಡುವು, ಕಚೇರಿಗಳಿಗೆ ರಜೆ; ಪತ್ರಿಕೆಗಳಿಗೆ ಪುಟ ತುಂಬಿಸಲು ರಾಜಕೀಯ ಸುದ್ದಿಯೇ ಇರುವುದಿಲ್ಲ. ಅಂಥ ವಾರದಲ್ಲಿ ಸಿರಿವಂತರ ಬಡಾವಣೆಯೊಂದರಿಂದ ವಿದ್ಯಾವಂತ ಯುವತಿಯೊಬ್ಬರು ಕಾಣೆಯಾಗಿ ಹೆಣವಾಗಿ ಸಿಕ್ಕಿದ್ದರು. ಕೊಂಡ ಪಿಜ್ಜಾದ ಸುಳಿವೇ ಇರಲಿಲ್ಲ. ದೇಹದ ಮೇಲೆ ಒಂದು ಕಾಲುಚೀಲ ಇರಲಿಲ್ಲ. ಮನೆಯ ಬಾಗಿಲು ಮುರಿದ ಗುರುತೂ ಇರಲಿಲ್ಲ. ಈ ಮೂರು 'ಇಲ್ಲ'ಗಳು ತನಿಖಾಧಿಕಾರಿಗೆ ಪ್ರಶ್ನೆಗಳಾಗಿದ್ದರೆ, ಓದುಗರಿಗೆ ಪ್ರತಿದಿನ ಕೂತು ಬಿಡಿಸುವ ಒಗಟುಗಳಾದವು. ಬಾಗಿಲು ಮುರಿದಿಲ್ಲವೆಂದರೆ ಕೊಲೆಗಾರನ ಬಳಿ ಕೀಲಿ ಇತ್ತೇ, ಕೀಲಿ ಇರುವವರು ಯಾರು ಎಂಬ ಸರಳ ತರ್ಕ ಜನರ ಬಾಯಲ್ಲೂ ಪತ್ರಿಕೆಗಳ ಸಾಲುಗಳ ನಡುವೆಯೂ ಓಡಾಡತೊಡಗಿತು.

ಅದೊಂದು ದೊಡ್ಡ ಹಳೆಯ ಮನೆ, ಫ್ಲ್ಯಾಟುಗಳಾಗಿ ವಿಭಾಗವಾಗಿತ್ತು. ಯುವತಿ ಇದ್ದ ಫ್ಲ್ಯಾಟಿನ ಮಾಲೀಕರು ಅದೇ ಕಟ್ಟಡದಲ್ಲಿ ಒಬ್ಬರೇ ವಾಸಿಸುತ್ತಿದ್ದರು. ಸ್ಥಳೀಯ ಖಾಸಗಿ ಶಾಲೆಯಲ್ಲಿ ದೀರ್ಘಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಅವರದು ಕೆದರಿದ ಬಿಳಿಗೂದಲು, ಅಳೆದು ತೂಗಿ ಆಡುವ ಮಾತು, ಸಾಹಿತ್ಯದ ಗೀಳು. ಯುವತಿಯ ಮನೆಗೆ ಅಂಟಿಕೊಂಡ ಇನ್ನೊಂದು ಫ್ಲ್ಯಾಟಿನಲ್ಲಿ ನೆದರ್ಲ್ಯಾಂಡ್ಸ್ ಮೂಲದ ಎಂಜಿನಿಯರನೊಬ್ಬ ತನ್ನ ಗೆಳತಿಯೊಂದಿಗಿದ್ದ. ಈ ಅಧ್ಯಯನದಲ್ಲಿ ಮೂವರ ಹೆಸರನ್ನೂ ಬಳಸಿಲ್ಲ. ಕಲಿಯಬೇಕಾದದ್ದು ನಿರ್ಧಾರಗಳಿಂದಲೇ ಹೊರತು ಹೆಸರುಗಳಿಂದಲ್ಲ; ಮೇಲಾಗಿ ಅವರಲ್ಲೊಬ್ಬರು ತಮ್ಮ ಹೆಸರಿನ ವಿಷಯದಲ್ಲಿ ಸಾಕಷ್ಟು ಅನುಭವಿಸಿದ್ದಾರೆ.

ಸಮಸ್ಯೆ ಮೊಳೆತ ಬಗೆ

ಮನೆ ಮಾಲೀಕರು ಪೊಲೀಸರಿಗೆ ನೀಡಿದ ಹೇಳಿಕೆಯಲ್ಲಿ, ಆ ಶುಕ್ರವಾರ ರಾತ್ರಿ ಮನೆಯ ಪಕ್ಕದ ಗೇಟಿನ ಬಳಿ ಕೆಲವರು ಹೋದಂತೆ ಅನಿಸಿತ್ತೆಂದು ತಿಳಿಸಿದ್ದರು. ಯಾರೆಂಬ ಖಚಿತತೆ ಅವರಿಗಿರಲಿಲ್ಲ. ನೆರೆಹೊರೆಯವರ ಮೂಲಕ ಈ ಮಾತು ಬೆಳೆಯುತ್ತಾ ವರದಿಗಾರರನ್ನು ತಲುಪುವಷ್ಟರಲ್ಲಿ, ಯುವತಿಯೇ ಯಾರದೋ ಜೊತೆ ಹೊರಟದ್ದನ್ನು ಮಾಲೀಕರು ಕಂಡಿದ್ದರೆಂಬ ರೂಪ ತಾಳಿತ್ತು. ಡಿಸೆಂಬರ್ 29ರಂದು ಟಿವಿ ಕ್ಯಾಮೆರಾಗಳು ಅವರ ಬಾಗಿಲಿಗೆ ಬಂದವು. ತಮ್ಮ ಮಾತನ್ನು ತಿರುಚಲಾಗಿದೆಯೆಂದು ಹೇಳಿ ವಿವರಣೆಗೆ ಇಳಿಯದೆ ಅವರು ಕ್ಯಾಮೆರಾಗಳಿಂದ ದೂರ ಸರಿಯಲು ನೋಡಿದರು. ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಬೀದಿಯಲ್ಲಿ ನಿಂತು ಚರ್ಚಿಸದಿರುವುದು ಸಾಕ್ಷಿಯಾದವರು ಪಾಲಿಸಬೇಕಾದ ಎಚ್ಚರವೇ ಆಗಿತ್ತು. ಆದರೆ ಪರದೆಯ ಮೇಲೆ ಅದು ಏನನ್ನೋ ಮುಚ್ಚಿಡುವ ಮನುಷ್ಯನ ಹಿಂಜರಿಕೆಯಂತೆ ಕಂಡಿತು. ಮರುದಿನ, ಡಿಸೆಂಬರ್ 30ರ ಬೆಳಗಿನ ಜಾವ, ಕೊಲೆಯ ಶಂಕೆಯ ಮೇಲೆ ಅವರ ಬಂಧನವಾಯಿತು.

ಇಂಗ್ಲೆಂಡಿನ ಕಾನೂನಿನಲ್ಲಿ ಬಂಧನಕ್ಕೆ ಬೇಕಾದದ್ದು ಸಕಾರಣ ಶಂಕೆ ಮಾತ್ರ. ಆರೋಪ ಹೊರಿಸುವುದು ಬೇರೆಯೇ ಹಂತ. ಅದಕ್ಕೆ ಬೇಕಾದ ಸಾಕ್ಷ್ಯದ ಮಟ್ಟವೂ ಬೇರೆ. ಗಂಭೀರ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಗರಿಷ್ಠ 96 ಗಂಟೆಗಳವರೆಗೆ ಆರೋಪ ಹೊರಿಸದೆ ವಿಚಾರಣೆಗಾಗಿ ಇಟ್ಟುಕೊಳ್ಳಬಹುದು. ಬಂಧಿತರ ಹೆಸರನ್ನು ಏವನ್ ಆ್ಯಂಡ್ ಸಾಮರ್ಸೆಟ್ ಪೊಲೀಸರು ಅಧಿಕೃತವಾಗಿ ಪ್ರಕಟಿಸಲಿಲ್ಲ, ವಯಸ್ಸನ್ನು ಮಾತ್ರ ಹೇಳಿದರು. ಆದರೆ ಹಿಂದಿನ ದಿನವಷ್ಟೇ ಟಿವಿಯಲ್ಲಿ ಕಾಣಿಸಿಕೊಂಡಿದ್ದ, ಘಟನೆ ನಡೆದ ಕಟ್ಟಡದಲ್ಲೇ ಇದ್ದ ವ್ಯಕ್ತಿಯನ್ನು ವಯಸ್ಸಿನಿಂದ ಗುರುತಿಸುವುದು ಕಷ್ಟವೇನಾಗಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಹೆಸರೂ ಚಿತ್ರವೂ ಎಲ್ಲೆಡೆ ಇದ್ದವು. ಹೆಸರು ಹೇಳದೆ ಗುರುತು ಹೇಳುವ ಈ ಪದ್ಧತಿಯಿಂದ ಬಂಧಿತರಿಗೆ ಯಾವ ರಕ್ಷಣೆಯೂ ಸಿಗಲಿಲ್ಲ. ಪೊಲೀಸರಿಗೆ ಮಾತ್ರ ನಿಯಮ ಪಾಲಿಸಿದ ಸಮಾಧಾನ ಸಿಕ್ಕಿರಬಹುದು.

ಮುಂದಿನ ಮೂರು ದಿನ ಪತ್ರಿಕೆಗಳ ಕೈಯಲ್ಲಿ ಸಾಕ್ಷ್ಯವೆಂಬುದು ಏನೂ ಇರಲಿಲ್ಲ. ಇದ್ದದ್ದು ಒಬ್ಬ ಮನುಷ್ಯನ ವ್ಯಕ್ತಿತ್ವ. ಹೀಗಾಗಿ ವ್ಯಕ್ತಿತ್ವವನ್ನೇ ಸಾಕ್ಷ್ಯವಾಗಿಸಿ ಬರೆದರು. ಅವರ ಕೂದಲು ವಿಚಿತ್ರ, ಮದುವೆಯಾಗದಿರುವುದು ವಿಚಿತ್ರ, ಶಿಸ್ತಿನ ಮೇಷ್ಟರಾಗಿದ್ದದ್ದು ವಿಚಿತ್ರ, ಸಾವಿನ ಕುರಿತ ಸಾಹಿತ್ಯವನ್ನು ಇಷ್ಟಪಟ್ಟಿದ್ದು ಎಲ್ಲಕ್ಕಿಂತ ವಿಚಿತ್ರ. ದಶಕಗಳ ಹಿಂದೆ ಅವರ ತರಗತಿಯಲ್ಲಿ ಕೂತಿದ್ದವರನ್ನು ಹುಡುಕಿ ಹಿಡಿದು ಮಾತನಾಡಿಸಲಾಯಿತು. ಬೇರೆ ಸಮಯದಲ್ಲಾಗಿದ್ದರೆ 'ನಮ್ಮ ಮೇಷ್ಟ್ರು ಸ್ವಲ್ಪ ಬೇರೆ ಥರ' ಎಂದು ಅಕ್ಕರೆಯಿಂದ ನೆನೆಯಬಹುದಾಗಿದ್ದ ಗುಣಗಳೇ ಈಗ ಅಪರಾಧಿಯ ಲಕ್ಷಣಗಳಾಗಿ ಅಚ್ಚಾದವು. ಇಂಗ್ಲೆಂಡಿನ ಸಣ್ಣ ಊರು, ಶಾಲೆಗಳಲ್ಲಿ ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಒಂಟಿ, ಪುಸ್ತಕಪ್ರೇಮಿ ಅಧ್ಯಾಪಕರ ಮಾದರಿಯೇ ಅನುಮಾನಕ್ಕೆ ಗುರಿಯಾದದ್ದನ್ನು ಗಮನಿಸಬೇಕು. ಅನುಮಾನ ಹುಟ್ಟಿದ್ದು ಅವರು ಏನು ಮಾಡಿದ್ದರೆಂಬುದರಿಂದಲ್ಲ, ಅವರು ಬಹುಮತದವರಂತೆ ಬದುಕದಿದ್ದರಿಂದ.

ಎರಡು ಪತ್ರಿಕೆಗಳು ಇದಕ್ಕಿಂತಲೂ ಮುಂದೆ ಹೋದವು. ಡೈಲಿ ಮಿರರ್ ಅವರನ್ನು ಇಣುಕಿ ನೋಡುವ ಚಾಳಿಯವರೆಂದು ಬಿಂಬಿಸಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾಗಿದ್ದ ವ್ಯಕ್ತಿಯ ಗೆಳೆಯರೆಂದಿತು. 1974ರಿಂದ ಬಗೆಹರಿಯದೆ ಉಳಿದಿದ್ದ ಇನ್ನೊಂದು ಕೊಲೆಗೂ ಅವರಿಗೂ ನಂಟಿರಬಹುದೆಂಬ ಸೂಚನೆ ಕೊಟ್ಟಿತು. ದಿ ಸನ್, ಬಾಡಿಗೆದಾರರ ಮನೆಯೊಳಗೆ ತಾವೇ ನುಗ್ಗುವ, ಸಾವಿನ ಗೀಳು ಹತ್ತಿದ ಹಿಂಬಾಲಕನ ಚಿತ್ರ ಬರೆಯಿತು. ಇವುಗಳಲ್ಲಿ ಒಂದೂ ಕೊಲೆ ನಡೆದ ರಾತ್ರಿಗೆ ಸಂಬಂಧಿಸಿದ್ದಾಗಿರಲಿಲ್ಲ.

ತಡೆಯಲು ನಡೆದ ಯತ್ನಗಳು

ಡಿಸೆಂಬರ್ 31ರಂದೇ ಅಂದಿನ ಅಟಾರ್ನಿ ಜನರಲ್ ಡೊಮಿನಿಕ್ ಗ್ರೀವ್ ಮಾಧ್ಯಮಗಳಿಗೆ ಬಹಿರಂಗ ಎಚ್ಚರಿಕೆ ನೀಡಿದರು. ಮುಂದೆ ನಡೆಯಬಹುದಾದ ವಿಚಾರಣೆಯ ನ್ಯಾಯಬದ್ಧತೆಗೆ ಧಕ್ಕೆಯಾಗದಂತೆ ಬರೆಯಬೇಕೆಂಬುದು ಅದರ ತಿರುಳು. ಅಲ್ಲಿನ 1981ರ ನ್ಯಾಯಾಂಗ ನಿಂದನೆ ಕಾಯ್ದೆಯ ಪ್ರಕಾರ ವ್ಯಕ್ತಿಯೊಬ್ಬರ ಬಂಧನವಾದ ಕ್ಷಣದಿಂದ ಪ್ರಕರಣ ಚಾಲ್ತಿಯಲ್ಲಿದೆಯೆಂದೇ ಲೆಕ್ಕ. ಆ ಬಳಿಕ, ನ್ಯಾಯದಾನಕ್ಕೆ ಗಂಭೀರ ಅಡ್ಡಿಯಾಗುವ ಗಣನೀಯ ಅಪಾಯವಿರುವಂಥದ್ದನ್ನು ಪ್ರಕಟಿಸಿದರೆ, ಅಂಥ ಉದ್ದೇಶವಿರಲಿಲ್ಲವೆಂಬ ಸಮರ್ಥನೆಗೆ ಜಾಗವಿಲ್ಲ. ಪತ್ರಿಕೆಗಳ ವಕೀಲರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಆದರೂ ಎಚ್ಚರಿಕೆಯ ಮರುದಿನ, ಜನವರಿ 1ರಂದು, ಅದೇ ಧಾಟಿಯ ಮುಖಪುಟಗಳು ಬಂದವು.

ಯಾಕೆ ಬಂದವೆಂಬುದಕ್ಕೆ ಒಂದು ವಿವರಣೆ ಕಾಯ್ದೆಯ ಒಳಗೇ ಇದೆ. ಇಂಗ್ಲೆಂಡಿನಲ್ಲಿ ಕೊಲೆ ಆರೋಪದ ತೀರ್ಮಾನ ಮಾಡುವವರು ಜ್ಯೂರಿಯ 12 ಮಂದಿ ಸಾಮಾನ್ಯ ನಾಗರಿಕರು. ಬಂಧನಕ್ಕೂ ವಿಚಾರಣೆಗೂ ಹಲವು ತಿಂಗಳ ಅಂತರವಿರುವುದರಿಂದ, ಅಷ್ಟರಲ್ಲಿ ಓದಿದ್ದು ಅವರ ಮನಸ್ಸಿನಿಂದ ಮಾಸಿಹೋಗುತ್ತದೆ, ಹಾಗಾಗಿ ಬಂಧನದ ದಿನಗಳ ಬರಹದಿಂದ ವಿಚಾರಣೆಗೆ ಹಾನಿಯಿಲ್ಲ ಎಂಬ ವಾದಕ್ಕೆ ಕೋರ್ಟುಗಳಲ್ಲಿ ಮನ್ನಣೆ ಸಿಗುತ್ತಿತ್ತು. ಸಂಪಾದಕರು ಈ ಅಂತರವನ್ನೇ ಪರವಾನಗಿಯೆಂದು ತಿಳಿದಿದ್ದರು. ಇನ್ನೊಂದು ವಿವರಣೆ ಪೊಲೀಸರ ಕಡೆಗೆ ಬೊಟ್ಟು ಮಾಡುತ್ತದೆ. ಸಿಕ್ಕಿರುವವರೇ ಅಪರಾಧಿಯೆಂಬ ಭರವಸೆ ಪೊಲೀಸರಿಗಿದೆಯೆಂದು ಅನೌಪಚಾರಿಕವಾಗಿ ತಮಗೆ ತಿಳಿದುಬಂದಿತ್ತೆಂದು ಮಿರರ್ ಕಡೆಯವರು, ಪತ್ರಿಕೆಗಳ ನಡತೆಯ ವಿಚಾರಣೆಗೆಂದು ಮುಂದೆ ರಚನೆಯಾದ ಲೆವಿಸನ್ ಆಯೋಗದೆದುರು ಹೇಳಿದರು. ಅಂಥ ಮಾಹಿತಿ ಕೊಟ್ಟಿಲ್ಲವೆಂದು ಪೊಲೀಸ್ ಮುಖ್ಯಸ್ಥರು ಅಲ್ಲಗಳೆದರು. ಯಾರ ಮಾತು ನಿಜವೆಂದು ತೀರ್ಮಾನಿಸದೆಯೂ ಒಂದನ್ನು ಹೇಳಬಹುದು: ತನಿಖಾಧಿಕಾರಿಯ ನಂಬಿಕೆ ಸಾಕ್ಷ್ಯವಲ್ಲ, ಅದನ್ನು ಪಿಸುಮಾತಿನಲ್ಲಿ ಕೇಳಿಸಿಕೊಂಡವರಿಗೆ ಪರೀಕ್ಷಿಸುವ ದಾರಿಯೂ ಇಲ್ಲ.

ಬ್ರಿಟಿಷ್ ಪತ್ರಿಕೆಗಳಿಗೆ ಇದು ಹೊಸ ಪಾಠವೂ ಆಗಿರಲಿಲ್ಲ. 2007ರಲ್ಲಿ ಪೋರ್ಚುಗಲ್ಲಿನ ಕಡಲತೀರದ ಊರೊಂದರಲ್ಲಿ ಬ್ರಿಟಿಷ್ ಬಾಲಕಿಯೊಬ್ಬಳು ಕಾಣೆಯಾದಾಗ, ಹುಡುಕಾಟಕ್ಕೆ ನೆರವಾಗಲು ಮುಂದೆ ಬಂದ ಸ್ಥಳೀಯರೊಬ್ಬರನ್ನು ಹೀಗೆಯೇ ಮುಖಪುಟದಲ್ಲಿ ಶಂಕಿತರನ್ನಾಗಿಸಿ, 2008ರಲ್ಲಿ ಹನ್ನೊಂದು ಪತ್ರಿಕೆಗಳು ಒಟ್ಟು 6 ಲಕ್ಷ ಪೌಂಡ್ ಪರಿಹಾರ ಕೊಟ್ಟಿದ್ದವು. ಆ ದಾವೆ ನಡೆಸಿದ ವಕೀಲರೇ ಬ್ರಿಸ್ಟಲ್‌ನ ಮನೆ ಮಾಲೀಕರ ಪರ ನಿಂತರು.

ಪೊಲೀಸರೂ ಮಾಧ್ಯಮವನ್ನು ನಿಯಂತ್ರಿಸಲು ನೋಡಿದರು, ಆದರೆ ತಪ್ಪು ದಿಕ್ಕಿನಲ್ಲಿ. ಜನವರಿಯ ಮೊದಲ ವಾರದಲ್ಲಿ ತನಿಖೆಯ ಲೋಪಗಳನ್ನು ಟೀಕಿಸಿ ವರದಿ ಮಾಡಿದ ಐಟಿವಿ ವಾಹಿನಿಯ ವರದಿಗಾರರನ್ನು ಪತ್ರಿಕಾಗೋಷ್ಠಿಯಿಂದ ಹೊರಗಿಟ್ಟು, ಬಳಿಕ ಆ ನಿರ್ಬಂಧ ಹಿಂತೆಗೆದುಕೊಂಡರು. ಬಂಧಿತರ ಚಾರಿತ್ರ್ಯವನ್ನು ಹರಾಜು ಹಾಕಿದವರಿಗೆ ಬಾಗಿಲು ತೆರೆದೇ ಇತ್ತು. ಮುಚ್ಚಿದ್ದು ಇಲಾಖೆಯನ್ನು ಪ್ರಶ್ನಿಸಿದವರಿಗೆ.

ತಿರುವು: ಹಾಲೆಂಡಿನಿಂದ ಬಂದ ಕರೆ

ಈ ಪ್ರಕರಣದ ನಿಜವಾದ ತಿರುವು ಈ ಗದ್ದಲದ ನಡುವೆಯೇ ಇದೆ. ಪಕ್ಕದ ಫ್ಲ್ಯಾಟಿನ ಎಂಜಿನಿಯರ್ ಆಗ ಗೆಳತಿಯೊಂದಿಗೆ ನೆದರ್ಲ್ಯಾಂಡ್ಸ್‌ಗೆ ಹೋಗಿದ್ದ. ಮಾಲೀಕರ ಬಂಧನದ ಸುದ್ದಿ ತಿಳಿದ ಬೆನ್ನಿಗೆ ಅಲ್ಲಿಂದ ಪೊಲೀಸರಿಗೆ ಕರೆ ಹೋಯಿತು. ಆ ರಾತ್ರಿ ಒಂದು ದಿಕ್ಕಿಗೆ ಮುಖ ಮಾಡಿ ನಿಂತಿದ್ದ ಮಾಲೀಕರ ಕಾರು ಬೆಳಿಗ್ಗೆ ಬೇರೆ ದಿಕ್ಕಿಗಿತ್ತು ಎಂಬುದು ಅವನು ಕೊಟ್ಟ ಮಾಹಿತಿ. ಅಂದರೆ ರಾತ್ರಿ ಕಾರು ಹೊರಗೆ ಹೋಗಿ ಬಂದಿದೆ ಎಂದರ್ಥ. ದೇಹ ಸಿಕ್ಕಿದ್ದು ಕಾರಿಲ್ಲದೆ ಅದನ್ನು ಸಾಗಿಸಲಾಗದಷ್ಟು ದೂರದ ಜಾಗದಲ್ಲಿ. ಇಡೀ ದೇಶ ಒಬ್ಬರ ಕಡೆ ಬೆರಳು ತೋರಿಸುತ್ತಿದ್ದಾಗ ತನ್ನದೊಂದು ಬೆರಳನ್ನೂ ಸೇರಿಸುವುದು ಅವನಿಗೆ ಸುಲಭವಾಗಿ ಕಂಡಿತು.

ಇಲ್ಲಿ ಪೊಲೀಸರು ತೆಗೆದುಕೊಂಡ ಒಂದು ನಿರ್ಧಾರ ಇಡೀ ತನಿಖೆಯನ್ನು ಉಳಿಸಿತು. ಶಂಕಿತರು ವಶದಲ್ಲಿದ್ದಾರೆ, ಅವರ ವಿರುದ್ಧ ಹೆಚ್ಚುವರಿ ಮಾಹಿತಿಯೂ ಸಿಕ್ಕಿದೆ ಎಂದು ಫೋನಿನಲ್ಲೇ ಹೇಳಿಕೆ ಬರೆದುಕೊಂಡು ಮುಗಿಸಬಹುದಿತ್ತು. ಹಾಗೆ ಮಾಡದೆ, ಡಿಸೆಂಬರ್ 31ರಂದು ಒಬ್ಬ ಮಹಿಳಾ ಪತ್ತೇದಾರಿಯನ್ನು ಆಮ್‌ಸ್ಟರ್‌ಡಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣಕ್ಕೆ ಕಳಿಸಿದರು. ಗಂಟೆಗಟ್ಟಲೆ ನಡೆದ ಆ ಮಾತುಕತೆಯಲ್ಲಿ, ಸಾಕ್ಷಿಯಾಗಿ ಕೂತವನು ವಿಧಿವಿಜ್ಞಾನ ಪರೀಕ್ಷೆಗಳ ಬಗ್ಗೆ ಅತಿಯಾದ ಕುತೂಹಲ ತೋರಿಸುತ್ತಿರುವುದು ಅವರ ಗಮನಕ್ಕೆ ಬಂತು. ಅವನ ಡಿಎನ್‌ಎ ಮಾದರಿಯನ್ನೂ ಪಡೆದುಕೊಂಡರು. ಮಾಲೀಕರನ್ನು ಕುರಿತ ಮುಖಪುಟಗಳು ಮುದ್ರಣಯಂತ್ರಕ್ಕೆ ಹೋಗುತ್ತಿದ್ದ ದಿನವೇ, ನಿಜವಾದ ಅಪರಾಧಿ ತಾನಾಗಿ ಕೊಟ್ಟ ದೂರಿನ ಕಾರಣದಿಂದ ಪೊಲೀಸರ ಎದುರು ಕೂತಿದ್ದ.

ಸಾರ್ವಜನಿಕ ಊಹಾಪೋಹ ಕೊಲೆಗಾರನಿಗೆ ಎರಡು ರೀತಿಯಲ್ಲಿ ಒದಗಿತೆನ್ನಬಹುದು. ಮೊದಲಿಗೆ ಅದು ಅವನಿಗೆ ಮರೆಯಾಯಿತು. ಆ ಮರೆಯನ್ನು ಇನ್ನಷ್ಟು ದಪ್ಪ ಮಾಡಲು ಹೋಗಿ ಅವನು ತಾನೇ ಬೆಳಕಿಗೆ ಬಂದ. ಮಾಧ್ಯಮದ ಗದ್ದಲದಿಂದಲೇ ಅಪರಾಧಿ ಸಿಕ್ಕಿಬಿದ್ದನಲ್ಲವೇ ಎಂದು ಯಾರಾದರೂ ವಾದಿಸಬಹುದಾದರೂ, ಹಾಗೆ ಸಿಕ್ಕಿಬಿದ್ದದ್ದು ಅವನ ಅತಿಬುದ್ಧಿಯಿಂದ ಮತ್ತು ಒಬ್ಬ ಪತ್ತೇದಾರಿಯ ಸೂಕ್ಷ್ಮತೆಯಿಂದ. ಅವನು ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಆ ವಾದ ನಿಲ್ಲುವುದಿಲ್ಲ.

ಮಾಲೀಕರು ಹೊಸ ವರ್ಷದ ಮೊದಲ ದಿನ ಪೊಲೀಸ್ ಜಾಮೀನಿನ ಮೇಲೆ ಹೊರಬಂದರು. ಯುವತಿಯ ದೇಹದಿಂದ ಪಡೆದ ಸೂಕ್ಷ್ಮ ಡಿಎನ್‌ಎ ಮಾದರಿಗಳು ಎಂಜಿನಿಯರನ ಮಾದರಿಗೆ ಹೊಂದಿಕೆಯಾಗಿ, ಜನವರಿ 20ರಂದು ಅವನ ಬಂಧನವಾಯಿತು. ಜನವರಿ 22ರಂದು ಕೊಲೆ ಆರೋಪ ಹೊರಿಸಲಾಯಿತು. ಈ ಎರಡನೆಯ ಬಂಧನದ ಹೊತ್ತಿಗೆ ಪೊಲೀಸರು ಪಾಠ ಕಲಿತಿದ್ದರು. ಮೊದಲ ಬಂಧನದ ವರದಿಗಾರಿಕೆಯನ್ನು ನೆನೆದು, ಠಾಣೆಯಲ್ಲಿನ ವಿಚಾರಣೆ ಮುಗಿಯುವವರೆಗೂ ಬಂಧಿತನ ಬಗ್ಗೆ ಹೆಚ್ಚಿನ ವಿವರ ಬಿಟ್ಟುಕೊಡಲಿಲ್ಲ.

ನ್ಯಾಯಾಲಯಗಳಲ್ಲಿ

2011ರ ಮೇ ತಿಂಗಳಲ್ಲಿ ಆರೋಪಿ ಕೊಲೆಯಲ್ಲದ ನರಹತ್ಯೆಯನ್ನು ಒಪ್ಪಿಕೊಂಡ, ಕೊಲ್ಲುವ ಉದ್ದೇಶವಿರಲಿಲ್ಲವೆಂದ. ಅಕ್ಟೋಬರಿನಲ್ಲಿ ಬ್ರಿಸ್ಟಲ್ ಕ್ರೌನ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ದೇಹವನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೇ ಸೂಪರ್‌ಮಾರ್ಕೆಟ್ಟಿಗೆ ಹೋಗಿಬಂದದ್ದು, ಕೊಲೆಗೂ ನರಹತ್ಯೆಗೂ ಇರುವ ವ್ಯತ್ಯಾಸವನ್ನು ಅಂತರ್ಜಾಲದಲ್ಲಿ ಹುಡುಕಿದ್ದು ಎಲ್ಲವೂ ಹೊರಬಂದವು. ಅಕ್ಟೋಬರ್ 28ರಂದು ಜ್ಯೂರಿ 10-2ರ ಬಹುಮತದಿಂದ ಅವನನ್ನು ಕೊಲೆಯ ಅಪರಾಧಿಯೆಂದಿತು. ಕನಿಷ್ಠ 20 ವರ್ಷಗಳ ಜೀವಾವಧಿ ಶಿಕ್ಷೆಯಾಯಿತು.

ಈ ವಿಚಾರಣೆಯ ಒಂದು ಸಂಗತಿಯನ್ನು ಇಲ್ಲಿ ವಿಶೇಷವಾಗಿ ಎತ್ತಿ ಹೇಳಬೇಕು. ಆರೋಪಿಯ ಕಂಪ್ಯೂಟರಿನಲ್ಲಿ ಹಿಂಸಾತ್ಮಕ ಅಶ್ಲೀಲ ದೃಶ್ಯಗಳ ಹುಡುಕಾಟದ ಕುರುಹುಗಳಿದ್ದವು. ಅದನ್ನು ಜ್ಯೂರಿಯ ಮುಂದಿಡಲು ನ್ಯಾಯಾಧೀಶರು ಅವಕಾಶ ಕೊಡಲಿಲ್ಲ. ಅದರಿಂದ ಸಿಗುವ ಪುರಾವೆಗಿಂತ ಮೂಡುವ ಪೂರ್ವಗ್ರಹವೇ ಹೆಚ್ಚೆಂಬುದು ಅವರ ಎಣಿಕೆ. ಹೊರಗಿನ ಲೋಕಕ್ಕೆ ಅದು ತಿಳಿದದ್ದು ತೀರ್ಪು ಬಂದ ಮೇಲೆ. ತಪ್ಪಿತಸ್ಥನಾಗಿದ್ದವನ ಬಗ್ಗೆ, ನಿಜವೇ ಆಗಿದ್ದ ಸಂಗತಿಯನ್ನೂ ಕೋರ್ಟು ಹತ್ತು ಬಾರಿ ತೂಗಿ ನೋಡಿ ಹೊರಗಿಟ್ಟಿತು. ಹತ್ತು ತಿಂಗಳ ಹಿಂದೆ, ನಿರಪರಾಧಿಯ ಬಗ್ಗೆ ಸುಳ್ಳನ್ನು ಅಚ್ಚು ಹಾಕುವಾಗ ಸುದ್ದಿಮನೆಗಳಲ್ಲಿ ಯಾರೂ ಒಂದು ಬಾರಿಯೂ ತೂಗಿದಂತೆ ಕಾಣುವುದಿಲ್ಲ.

ಅಷ್ಟರಲ್ಲಿ ಪತ್ರಿಕೆಗಳ ಲೆಕ್ಕವೂ ಇತ್ಯರ್ಥವಾಗಿತ್ತು. 2011ರ ಜುಲೈ 29 ಒಂದೇ ದಿನ ಎರಡು ಘಟನೆಗಳಾದವು. ಮಾನನಷ್ಟ ದಾವೆಯಲ್ಲಿ ಎಂಟು ಪತ್ರಿಕೆಗಳು ಕ್ಷಮೆ ಕೋರಿ ದೊಡ್ಡ ಮೊತ್ತದ ಪರಿಹಾರಕ್ಕೆ ಒಪ್ಪಿದವು. ಅದೇ ದಿನ ಹೈಕೋರ್ಟು ಮಿರರ್ ಮತ್ತು ಸನ್ ಪತ್ರಿಕೆಗಳು ನ್ಯಾಯಾಂಗ ನಿಂದನೆ ಎಸಗಿವೆಯೆಂದು ತೀರ್ಪಿತ್ತು, ಕ್ರಮವಾಗಿ 50,000 ಮತ್ತು 18,000 ಪೌಂಡ್ ದಂಡ ವಿಧಿಸಿತು.

ಪತ್ರಿಕೆಗಳ ವಾದ ನಿರೀಕ್ಷಿತವೇ ಆಗಿತ್ತು: ವಿಚಾರಣೆ ತಿಂಗಳುಗಟ್ಟಲೆ ದೂರವಿತ್ತು, ಜ್ಯೂರಿಯ ಮೇಲೆ ಪ್ರಭಾವವಾಗುವ ಅಪಾಯವಿರಲಿಲ್ಲ. ಕೋರ್ಟು ಕೊಟ್ಟ ಉತ್ತರವೇ ಈ ಪ್ರಕರಣದಿಂದ ಕಾನೂನಿಗೆ ಸಂದ ಮುಖ್ಯ ಕೊಡುಗೆಯೆಂದು ನನ್ನ ಅಭಿಪ್ರಾಯ. ಅಪಾಯವನ್ನು ಅಳೆಯಬೇಕಾದದ್ದು ಪ್ರಕಟಿಸಿದ ದಿನ ಇದ್ದ ಸ್ಥಿತಿಯಿಂದ, ಮುಂದೆ ಏನಾಯಿತೆಂಬುದರಿಂದಲ್ಲ. ಅಂದು ಬಂಧಿತರಾಗಿದ್ದವರ ಮೇಲೆ ಮುಂದೆ ಆರೋಪ ಬರುವ ಸಾಧ್ಯತೆ ಇತ್ತು. ಹಾಗೆ ಬಂದಿದ್ದರೆ ಅವರಿಗೆ ಸಾಕ್ಷಿಗಳು ಬೇಕಾಗುತ್ತಿದ್ದರು: ಆ ರಾತ್ರಿ ಅವರನ್ನು ಬೇರೆಡೆ ಕಂಡವರು, ಅವರ ನಡತೆಯನ್ನು ಬಲ್ಲವರು. ಇಡೀ ದೇಶದ ಕಣ್ಣಿಗೆ ಕೊಳಕು ಮನುಷ್ಯನೆಂದು ಬಿಂಬಿತರಾದವರ ಪರ ಹೇಳಲು ಅಂಥವರು ಮುಂದೆ ಬರುವುದು ಅನುಮಾನ. ತಮಗೆ ಗೊತ್ತಿರುವುದು ಮುಖ್ಯವಲ್ಲವೆಂದು ತಾವೇ ಅಂದುಕೊಂಡು ಸುಮ್ಮನಾದ ಸಾಕ್ಷಿಯೊಬ್ಬರಿದ್ದರೆಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಜ್ಯೂರಿ ಮರೆಯಬಹುದು, ಬಾರದೆ ಉಳಿದ ಸಾಕ್ಷಿಯ ನಷ್ಟವನ್ನು ಯಾವ ಅಂತರವೂ ತುಂಬಿಕೊಡುವುದಿಲ್ಲ. ಹಾನಿ ವಿಚಾರಣೆಯ ಕೋಣೆಯಲ್ಲಷ್ಟೇ ಆಗುತ್ತದೆಂಬ ಹಳೆಯ ಎಣಿಕೆಯಿಂದ ಕಾನೂನು ಹೀಗೆ ಹೊರಬಂದಿತು.

ದಂಡದ ಮೊತ್ತ ಮಾತ್ರ ಲಕ್ಷಾಂತರ ಪ್ರತಿ ಮಾರಾಟವಾಗುವ ಪತ್ರಿಕೆಗಳಿಗೆ ಜಾಹೀರಾತಿನ ಒಂದೆರಡು ಪುಟಗಳ ಬಾಬತ್ತು. ಹೆಚ್ಚು ನೋವಾದದ್ದು ಬಹುಶಃ ಮಾನನಷ್ಟ ದಾವೆಯಿಂದ. ಅದು ಸಾಧ್ಯವಾದದ್ದೂ ಗೆದ್ದರೆ ಮಾತ್ರ ಶುಲ್ಕವೆಂಬ ಷರತ್ತಿನ ಮೇಲೆ ವಕೀಲರು ಕೆಲಸ ಒಪ್ಪಿಕೊಂಡದ್ದರಿಂದ. ಪಿಂಚಣಿಯ ಮೇಲೆ ಬದುಕುವ ಮೇಷ್ಟರೊಬ್ಬರು ಎಂಟು ಪತ್ರಿಕೆಗಳನ್ನು ಸ್ವಂತ ಖರ್ಚಿನಲ್ಲಿ ಕೋರ್ಟಿಗೆ ಎಳೆಯುವುದು ಕಲ್ಪನೆಯ ಮಾತು.

ಉಳಿದದ್ದು

ಮಾಲೀಕರು ಬಿಡುಗಡೆಯಾದ ಮೇಲೆ ತಮ್ಮ ಮನೆಗೆ ಮರಳಲಿಲ್ಲ. ಗೆಳೆಯರ ಮನೆಯಿಂದ ಮನೆಗೆ ಬದಲಾಯಿಸುತ್ತಾ, ಬೀದಿಗಿಳಿಯಲು ಹಿಂಜರಿಯುತ್ತಾ ತಿಂಗಳುಗಳನ್ನು ಕಳೆದರು. ಗುರುತು ಸಿಗದಿರಲೆಂದು ಆ ಪ್ರಸಿದ್ಧ ಕೂದಲನ್ನೂ ಕತ್ತರಿಸಿಕೊಂಡರು. ಪತ್ರಿಕೆಗಳು ಏನು ಬರೆದಿದ್ದವೆಂಬುದು ಅವರಿಗೆ ಗೊತ್ತಾದದ್ದು ಹೊರಬಂದ ಮೇಲೆಯೇ. ಅದನ್ನು ಓದಬೇಡಿರೆಂದು ಹತ್ತಿರದವರು ಸಲಹೆ ಕೊಟ್ಟಿದ್ದರು.

ಇಲ್ಲಿ ಪೊಲೀಸರ ಎರಡನೆಯ ಲೋಪ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಬಂಧನಕ್ಕಿಂತ ಇದೇ ದೊಡ್ಡದು. ಬೇರೊಬ್ಬನ ಮೇಲೆ ಕೊಲೆ ಆರೋಪ ಬಂದದ್ದು ಜನವರಿಯಲ್ಲಿ. ಮಾಲೀಕರು ಜಾಮೀನಿನ ಕಟ್ಟುಪಾಡಿನಿಂದ ಪೂರ್ತಿ ಬಿಡುಗಡೆಯಾದದ್ದು ಮಾರ್ಚ್ ತಿಂಗಳ ಆರಂಭದಲ್ಲಿ. ಆಗಲೂ ಅವರು ನಿರಪರಾಧಿ, ಅವರ ಮೇಲೆ ಯಾವ ಶಂಕೆಯೂ ಉಳಿದಿಲ್ಲ ಎಂದು ಸಾರಿ ಹೇಳುವ ಗೋಜಿಗೆ ಇಲಾಖೆ ಹೋಗಲಿಲ್ಲ. ಅಂಥ ಹೇಳಿಕೆ ಕೊಡುವ ವಾಡಿಕೆ ಇಲ್ಲವೆಂಬುದು ನಿಜ. ಆದರೆ ಬಂಧನದ ಸುದ್ದಿ ದೇಶವಿಡೀ ಕೇಳಿಸಿದ್ದಾಗ, ಬಿಡುಗಡೆಯ ಸುದ್ದಿ ಕಡತದ ಟಿಪ್ಪಣಿಯಾಗಿ ಉಳಿಯುವುದು ವಾಡಿಕೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. 2013ರಲ್ಲಿ, ಅಂದರೆ ಎರಡೂವರೆ ವರ್ಷಗಳ ನಂತರ, ಹೊಸ ಪೊಲೀಸ್ ಮುಖ್ಯಸ್ಥರು ಪತ್ರ ಬರೆದು ಈ ಲೋಪವನ್ನು ಒಪ್ಪಿ ಕ್ಷಮೆ ಕೇಳಿದರು.

ದೂರವಾಣಿ ಕದ್ದಾಲಿಕೆ ಹಗರಣದ ಬಳಿಕ ರಚನೆಯಾದ ಲೆವಿಸನ್ ಆಯೋಗದ ಮುಂದೆ 2011ರ ನವೆಂಬರಿನಲ್ಲಿ ಅವರು ಸಾಕ್ಷ್ಯ ನುಡಿದರು. ಕೆಲವರ ಪಾಲಿಗೆ ತಾವು ಎಂದೆಂದಿಗೂ ಅನುಮಾನದ ವ್ಯಕ್ತಿಯಾಗಿಯೇ ಉಳಿಯುತ್ತೇವೆಂಬುದು ಅವರ ಮಾತಿನ ಸಾರ. 2012ರ ಜನವರಿಯಲ್ಲಿ ಅದೇ ಆಯೋಗದ ಮುಂದೆ ಮಿರರ್‌ನ ಅಂದಿನ ಸಂಪಾದಕರು ಈ ವರದಿಗಳು ತಮ್ಮ ವೃತ್ತಿಜೀವನದ ಕಪ್ಪು ಚುಕ್ಕೆಯೆಂದು ಒಪ್ಪಿಕೊಂಡರು.

ಮುಂದಿನ ವರ್ಷಗಳಲ್ಲಿ ನಿಯಮಗಳು ಬಿಗಿಯಾದವು. ವಿಶೇಷ ಕಾರಣವಿಲ್ಲದೆ ಬಂಧಿತರ ಹೆಸರು ಬಹಿರಂಗಪಡಿಸಬಾರದೆಂಬ ಮಾರ್ಗಸೂಚಿ 2013ರಲ್ಲಿ ಪೊಲೀಸರಿಗೆ ಬಂತು. 2022ರ ಫೆಬ್ರವರಿಯಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ವಿರುದ್ಧದ ದಾವೆಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ತನಿಖೆಯಲ್ಲಿರುವ ವ್ಯಕ್ತಿ ಆರೋಪ ದಾಖಲಾಗುವವರೆಗೆ ಖಾಸಗಿತನವನ್ನು ನಿರೀಕ್ಷಿಸುವುದು ಸಾಮಾನ್ಯವಾಗಿ ನ್ಯಾಯಸಮ್ಮತವೆಂದು ಹೇಳಿತು. ನಮ್ಮಲ್ಲಿನ ಸ್ಥಿತಿಯನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ವ್ಯತ್ಯಾಸ ಕಾಣಬೇಕು. ಭಾರತದ 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಕ್ರಿಮಿನಲ್ ಪ್ರಕರಣ ಚಾಲ್ತಿಗೆ ಬರುವುದು ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ, ಇಲ್ಲವೇ ಕೋರ್ಟು ಸಮನ್ಸ್ ಅಥವಾ ವಾರಂಟ್ ಹೊರಡಿಸಿದಾಗ. ಬಂಧನದ ದಿನದಿಂದಲೇ ಅದು ಅನ್ವಯಿಸಬೇಕೆಂದು ಕಾನೂನು ಆಯೋಗ 2006ರ ತನ್ನ 200ನೇ ವರದಿಯಲ್ಲಿ ಶಿಫಾರಸು ಮಾಡಿದ್ದರೂ ಕಾಯ್ದೆ ಹಾಗೆ ಬದಲಾಗಿಲ್ಲ. ಬ್ರಿಸ್ಟಲ್‌ನ ಆ ಮೂರು ದಿನಗಳಂಥ ಅವಧಿ ಇಲ್ಲಿ ವಾರಗಟ್ಟಲೆ ಹಿಗ್ಗುವುದು ಅದರಿಂದಲೇ.

ಆದರೆ ಪೊಲೀಸರು ಬಾಯಿ ಬಿಗಿಹಿಡಿದರೆ ಎಲ್ಲವೂ ಸರಿಹೋಗುತ್ತದೆಂಬ ತೀರ್ಮಾನಕ್ಕೂ ಈ ಅಧ್ಯಯನ ಆಧಾರ ಕೊಡುವುದಿಲ್ಲ. 2024ರ ಜುಲೈನಲ್ಲಿ ಸೌತ್‌ಪೋರ್ಟ್ ಎಂಬ ಊರಿನಲ್ಲಿ ಮೂವರು ಬಾಲಕಿಯರ ಹತ್ಯೆಯಾದಾಗ, ಬಂಧಿತ ಅಪ್ರಾಪ್ತನಾಗಿದ್ದರಿಂದ ಹೆಸರು ಹೊರಬರಲಿಲ್ಲ. ಆ ಖಾಲಿ ಜಾಗವನ್ನು ಸಾಮಾಜಿಕ ಜಾಲತಾಣಗಳು ಒಂದು ಸುಳ್ಳು ಹೆಸರಿನಿಂದ, ದೋಣಿಯಲ್ಲಿ ಬಂದ ಆಶ್ರಯಾರ್ಥಿಯೆಂಬ ಸುಳ್ಳು ಕಥೆಯಿಂದ ತುಂಬಿದವು. ಮರುದಿನವೇ ಮಸೀದಿಯೊಂದರ ಹೊರಗೆ ಗಲಭೆ ಶುರುವಾಗಿ ಹಲವು ಊರುಗಳಿಗೆ ಹಬ್ಬಿತು. ಕೊನೆಗೆ ನ್ಯಾಯಾಧೀಶರೇ ಹೆಸರಿನ ಮೇಲಿನ ನಿರ್ಬಂಧ ತೆರವು ಮಾಡಬೇಕಾಯಿತು. 2010ರಲ್ಲಿ ಸುಳ್ಳಿಗೆ ಒಬ್ಬ ಸಂಪಾದಕ, ಒಂದು ವಿಳಾಸ, ದಂಡ ಕಟ್ಟಬಲ್ಲ ಒಂದು ಕಂಪನಿ ಇತ್ತು. ಈಗ ಅದನ್ನು ಹಂಚಿದ ಸಾವಿರಾರು ಮಂದಿಗೆ 1981ರ ಕಾಯ್ದೆಯ ಹೆಸರೂ ಗೊತ್ತಿಲ್ಲ.

ಅದರ ಪರಿಣಾಮವಾಗಿ 2025ರ ಆಗಸ್ಟ್‌ನಲ್ಲಿ ಅಲ್ಲಿನ ಪೊಲೀಸರಿಗೆ ಇನ್ನೊಂದು ಮಾರ್ಗಸೂಚಿ ಬಂದಿದೆ. ಹೆಚ್ಚು ಗಮನ ಸೆಳೆದ ಪ್ರಕರಣಗಳಲ್ಲಿ ವದಂತಿ ತಡೆಯಲು ಆರೋಪಿಯ ರಾಷ್ಟ್ರೀಯತೆ, ಜನಾಂಗೀಯ ಹಿನ್ನೆಲೆಯಂಥ ವಿವರಗಳನ್ನು ಬಹಿರಂಗಪಡಿಸುವ ಬಗ್ಗೆ ಪರಿಶೀಲಿಸಬೇಕೆಂದು ಅದು ಹೇಳುತ್ತದೆ. ಆ ಮಾರ್ಗಸೂಚಿ ಅನ್ವಯವಾಗುವುದು ಆರೋಪ ಹೊರಿಸಿದ ನಂತರದ ಹಂತಕ್ಕೆ. ಬ್ರಿಸ್ಟಲ್‌ನ ಮೇಷ್ಟರು ಆ ಹಂತವನ್ನು ತಲುಪಲೇ ಇಲ್ಲ. ಅವರಿಗೆ ಆದ ಹಾನಿಯೆಲ್ಲ ಅದಕ್ಕೆ ಮೊದಲೇ, ಠಾಣೆಯ ಒಳಗೆ ಅವರು ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದ ಹೊತ್ತಿನಲ್ಲೇ ಮುಗಿದಿತ್ತು.